ಯಾರ ಮೇಲೆ ನೋಡಿದ್ರಿ? ಅಣಬೆ, ಆಂಟಿಆಕ್ಸಿಡೆಂಟು ಮತ್ತು ನರ-ಸ್ನಾಯು ರೋಗ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನ ಬಗ್ಗೆ ಹೇಳಿದ್ರಲ್ಲಿ ಅರ್ಧ ಉತ್ಪ್ರೇಕ್ಷೆ, ಇನ್ನರ್ಧ ಹಳೇದು, ಅದನ್ನ ಅಲ್ಲಿಗೇ ಬಿಡೋಣ. ಒಂದು ಮಾತ್ರ ತಿದ್ದಬೇಕು, ಅವರು ಎರಡು ಸಲ ಡಾಕ್ಟರ್ ಅಂದ್ರು, ನಾನು ಆ ಡಾಕ್ಟರ್ ಅಲ್ಲ. ಬಯೋಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದೋನು, ಊರಲ್ಲಿ ಒಂದಿಷ್ಟು ಅಡಿಕೆ ತೋಟ ಇದೆ. ಆದ್ರಿಂದ ಇವತ್ತು ನಾನು ಹೇಳೋದನ್ನ ಕೇಳಿ ಯಾರೂ ಮಾತ್ರೆ ಶುರು ಮಾಡೋದೂ ಬೇಡ, ನಿಲ್ಸೋದೂ ಬೇಡ. ಅದು ನಿಮ್ಮ ನ್ಯೂರಾಲಜಿಸ್ಟ್ ಕೆಲಸ.

ನನ್ನನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದು ನರ-ಸ್ನಾಯು ರೋಗ ಇರೋರು, ಅವರ ಮನೆಯೋರು ಸೇರಿರೋ ನಿಮ್ಮ ವಾಟ್ಸಾಪ್ ಗುಂಪಲ್ಲಿ ಸುತ್ತಿದ ಆ ಫಾರ್ವರ್ಡು. ನೀವೆಲ್ಲ ನೋಡಿದೀರಿ, ಕೆಂಪು ಅಣಬೆ ಚಿತ್ರ, ಬಿಳೀ ದಾಡಿ ತರ ಇರೋ ಇನ್ನೊಂದು ಅಣಬೆ, ಕೆಳಗಡೆ "ಔಷಧೀಯ ಅಣಬೆಗಳು ಪ್ರಬಲ ಆಂಟಿಆಕ್ಸಿಡೆಂಟ್, ಎಎಲ್‌ಎಸ್, ಮಸ್ಕ್ಯುಲರ್ ಡಿಸ್ಟ್ರೋಫಿ, ಮಯಸ್ತೇನಿಯಾ ಎಲ್ಲದರಲ್ಲೂ ಕೋಶಗಳನ್ನ ಕಾಪಾಡುತ್ತವೆ" ಅಂತ, ಅದರ ಕೆಳಗೆ ಒಂದು ಫೋನ್ ನಂಬರ್. ಆ ನಂಬರ್ ಇದೆ ನೋಡಿ, ಅದೇ ಆ ಬರಹದ ಅಸಲಿ ತಿರುಳು. ಮಜಾ ಏನಂದ್ರೆ ಅದರಲ್ಲಿರೋ ಒಂದೊಂದು ವಾಕ್ಯಾನೂ ಬಿಡಿಬಿಡಿಯಾಗಿ ನೋಡಿದ್ರೆ ಹೆಚ್ಚುಕಮ್ಮಿ ಸುಳ್ಳಲ್ಲ. ಅಣಬೇಲಿ ಆಂಟಿಆಕ್ಸಿಡೆಂಟ್ ಇದ್ಯಾ? ಇದೆ. ಈ ರೋಗಗಳಲ್ಲಿ ಆಕ್ಸಿಡೇಷನ್ ಹಾನಿ ಆಗುತ್ತಾ? ಆಗುತ್ತೆ. ಅಣಬೆ ಸಾರ ಹಾಕಿದ್ರೆ ಕೋಶ ಉಳಿದಿದ್ದು ಯಾರಾದ್ರೂ ನೋಡಿದಾರಾ? ನೋಡಿದಾರೆ. ಮೂರೂ ನಿಜ. ಮೂರನ್ನೂ ಒಟ್ಟಿಗೆ ಸೇರ್ಸಿ ಬಾಟಲಿಗೆ ತುಂಬಿದಾಗ ಮಾತ್ರ ಅದು ಸುಳ್ಳಾಗುತ್ತೆ. ಹೇಗೆ ಅಂತ ಹೇಳೋಕೇ ಬಂದಿರೋದು. ಒಂದೇ ಪ್ರಶ್ನೆ ಕೇಳೋಕೆ ಹೇಳ್ಕೊಡ್ತೀನಿ, ಯಾರೇ ಬಂದು ಏನೇ ಹೇಳ್ಲಿ, ಮರ್ಯಾದೆಯಿಂದ ಕೇಳಿ: ಸ್ವಾಮಿ, ಇದನ್ನ ಯಾರ ಮೇಲೆ ನೋಡಿದ್ರಿ? ಟೆಸ್ಟ್‌ಟ್ಯೂಬ್ ಮೇಲಾ, ಇಲಿ ಮೇಲಾ, ಮನುಷ್ಯರ ಮೇಲಾ?

ಮೊದ್ಲು ಆಕ್ಸಿಡೇಷನ್ ಅಂದ್ರೇನು ಅಂತ ಎರಡು ಮಾತು. ನಿಮ್ಮ ಹೆಚ್ಚುಕಮ್ಮಿ ಪ್ರತಿ ಕೋಶದಲ್ಲೂ ಮೈಟೋಕಾಂಡ್ರಿಯಾ ಅಂತ ಇದಾವೆ, ಅನ್ನದಿಂದ ಶಕ್ತಿ ಮಾಡೋದು ಅವೇ. ಸೌದೆ ಒಲೆ ಅಂದ್ಕೊಳ್ಳಿ. ಒಲೆ ಉರಿದ ಮೇಲೆ ಹೊಗೆ ಬಂದೇ ಬರುತ್ತೆ, ಆ ಹೊಗೇನೇ ಫ್ರೀ ರ್‍ಯಾಡಿಕಲ್ಲು. ಮಾಮೂಲಿ ದಿನದಲ್ಲಿ ಹೊಗೆ ಹೋಗೋಕೆ ಗವಾಕ್ಷಿ ಇದೆ, ಕೋಶವೇ ತಯಾರ್ಸೋ ಎಂಜೈಮ್‌ಗಳು ಆ ಕೆಲಸ ಮಾಡ್ತವೆ. ಹಿಂಗೆ ಹೊಗೆ ತೆಗೆಯೋದಕ್ಕೇ ಆಂಟಿಆಕ್ಸಿಡೆಂಟ್ ಅನ್ನೋದು. ಬೆನ್ನುಹುರಿಯಿಂದ ಕಾಲಿನ ತನಕ ಒಂದು ಮೀಟರ್ ಹತ್ರ ಉದ್ದ ಬರೋ ನರಕೋಶಕ್ಕೆ, ಹಗಲೂ ರಾತ್ರಿ ಕೆಲಸ ಮಾಡೋ ಉಸಿರಾಟದ ಸ್ನಾಯುಗೆ ಒಲೆ ಜೋರಾಗೇ ಉರೀಬೇಕು, ಹೊಗೆನೂ ಜಾಸ್ತಿ. ರೋಗ ಬಂದಾಗ ಗವಾಕ್ಷಿ ಸಾಲಲ್ಲ. ಇಷ್ಟು ಸರಿ. ಆದ್ರೆ ಇಲ್ಲೊಂದು ಪ್ರಶ್ನೆ ಯಾರೂ ಕೇಳಲ್ಲ, ಮನೆ ತುಂಬ ಹೊಗೆ ಇದೆ ಅಂದ್ರೆ ಹೊಗೆಯಿಂದ ಮನೆ ಹಾಳಾಯ್ತು ಅಂತಾನಾ, ಅಥವಾ ಮನೆಗೆ ಬೇರೆ ಕಡೆಯಿಂದ ಬೆಂಕಿ ಬಿದ್ದಿದೆ ಅಂತಾನಾ? ಹೊಗೆ ಒರೆಸ್ತಾ ಕೂತ್ರೆ ಬೆಂಕಿ ಆರುತ್ತಾ?

ಇನ್ನೊಂದು ವಿಷ್ಯ, ನರ-ಸ್ನಾಯು ರೋಗ ಅನ್ನೋದು ಒಂದು ರೋಗ ಅಲ್ಲ, ಇದು ಇಲ್ಲಿ ಕೂತಿರೋರಿಗೆ ನನಗಿಂತ ಚೆನ್ನಾಗಿ ಗೊತ್ತು. ಡುಶೆನ್ ಅನ್ನೋ ಮಸ್ಕ್ಯುಲರ್ ಡಿಸ್ಟ್ರೋಫಿ ಇರೋ ಮಕ್ಕಳ ತಾಯಂದಿರು ಇದೀರಿ, ಅಲ್ಲಿ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನೇ ಇಲ್ಲ, ಜೀನ್ ಅಲ್ಲೇ ತೊಂದ್ರೆ, 79 ಎಕ್ಸಾನ್, ಅಂದ್ರೆ 79 ತುಂಡು, ಇರೋ ಭಾರೀ ಜೀನು. ಎಎಲ್‌ಎಸ್‌ನಲ್ಲಿ ಚಲನೆ ಆಳೋ ನರಕೋಶಾನೇ ಸಾಯುತ್ತೆ. ಮಯಸ್ತೇನಿಯಾದಲ್ಲಿ ನಮ್ಮದೇ ಇಮ್ಯೂನಿಟಿ ನಮ್ಮ ಮೇಲೆ ತಿರುಗಿ ಬಿದ್ದು, ನರ ಸ್ನಾಯು ಸೇರೋ ಜಾಗದಲ್ಲಿ ನರದ ಸಂದೇಶ ಹಿಡಿಯೋ ರಿಸೆಪ್ಟರ್ ಹಾಳು ಮಾಡುತ್ತೆ. ಮೂರಕ್ಕೂ ಒಂದೇ ಪುಡಿ ಅಂತ ಯಾರಾದ್ರೂ ಮಾರಿದ್ರೆ ಅಲ್ಲೇ ಎದ್ದು ಬನ್ನಿ. ಅದರಲ್ಲೂ ಮಯಸ್ತೇನಿಯಾದೋರು ಕೇಳಿಸ್ಕೊಳ್ಳಿ, ಅಣಬೆ ಪುಡಿ ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ "ಇಮ್ಯೂನಿಟಿ ಬೂಸ್ಟರ್" ಅಂತ ಇರುತ್ತೆ, ನಿಮ್ಮ ಡಾಕ್ಟ್ರು ಇಮ್ಯೂನಿಟಿ ತಗ್ಗಿಸೋಕೆ ಅಂತ ಅಜಾಥಯೋಪ್ರಿನ್ ಕೊಡ್ತಿದಾರೆ, ಒಂದು ಕೈಯಲ್ಲಿ ಬ್ರೇಕು ಇನ್ನೊಂದು ಕೈಯಲ್ಲಿ ಆಕ್ಸಿಲರೇಟರು, ಆಮೇಲೆ ಗಾಡಿ ಯಾಕ್ ಹಿಂಗೆ ಓಡುತ್ತೆ ಅಂತ ಡಾಕ್ಟ್ರನ್ನೇ ಕೇಳ್ತೀವಿ.

ಈಗ ಲ್ಯಾಬ್‌ಗೆ ಬನ್ನಿ. "ಪ್ರಬಲ ಆಂಟಿಆಕ್ಸಿಡೆಂಟ್" ಅಂತ ಸರ್ಟಿಫಿಕೇಟ್ ಹೇಗೆ ಸಿಗುತ್ತೆ ಗೊತ್ತಾ? ಡಿಪಿಪಿಎಚ್ ಅಂತ ಒಂದು ಪುಡಿ ಇದೆ, ಅದನ್ನ ಮೆಥನಾಲ್‌ನಲ್ಲಿ ಕರಗ್ಸಿದ್ರೆ ಗಾಢ ನೇರಳೆ ಬಣ್ಣ ಬರುತ್ತೆ, ನೇರಳೆ ಹಣ್ಣು ತಿಂದ ನಾಲಿಗೆ ಬಣ್ಣ. ಅದಕ್ಕೆ ಅಣಬೆ ಸಾರ ನಾಲ್ಕು ಹನಿ ಹಾಕಿ, ಕತ್ತಲಲ್ಲಿ ಅರ್ಧ ಗಂಟೆ ಇಡಿ, ವಾಪಸ್ ಬಂದು ನೋಡಿದ್ರೆ ನೇರಳೆ ಹೋಗಿ ತೆಳು ಹಳದಿ ಆಗಿರುತ್ತೆ. 517 ನ್ಯಾನೋಮೀಟರ್ ಬೆಳಕಲ್ಲಿ ಬಣ್ಣ ಎಷ್ಟು ಇಳೀತು ಅಂತ ಓದ್ಕೊಂಡು ಪರ್ಸೆಂಟೇಜ್ ಬರ್ಕೊಳ್ಳೋದು, ಮುಗೀತು. ನಮ್ಮ ಎಂಎಸ್ಸಿ ಹುಡುಗ್ರು ಹುಡುಗೀರು ಪ್ರಾಜೆಕ್ಟ್ ಅಂತ ಬಂದಾಗೆಲ್ಲ ಇದನ್ನೇ ಮಾಡೋದು, ಯಾಕಂದ್ರೆ ಯಾವತ್ತೂ ಫೇಲ್ ಆಗಲ್ಲ! ಅಣಬೆ ಹಾಕಿ, ಹಳದಿ. ಸೀಬೆ ಎಲೆ ಹಾಕಿ, ಹಳದಿ. ಕ್ಯಾಂಟೀನ್ ಟೀ ಹಾಕಿ, ಇನ್ನೂ ಬೇಗ ಹಳದಿ. ಆ ಟ್ಯೂಬ್‌ನಲ್ಲಿ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ, ಮೆದುಳಿಗೆ ಏನನ್ನ ಬಿಡಬೇಕು ಬಿಡಬಾರ್ದು ಅಂತ ಕಾವಲು ಕಾಯೋ ಗೋಡೆ ಇಲ್ಲ. ಅಮೆರಿಕದ ಕೃಷಿ ಇಲಾಖೆ ಹಿಂಗೇ ಟ್ಯೂಬ್‌ನಲ್ಲಿ ಅಳೆದು ಯಾವ ಆಹಾರಕ್ಕೆ ಎಷ್ಟು ಆಂಟಿಆಕ್ಸಿಡೆಂಟ್ ಅಂಕ ಅಂತ ದೊಡ್ಡ ಪಟ್ಟಿ ಇಟ್ಟಿತ್ತು, 2012ರಲ್ಲಿ ಅವರೇ ಅದನ್ನ ವೆಬ್‌ಸೈಟಿಂದ ತೆಗೆದು ಹಾಕಿದ್ರು, ಈ ಅಂಕಕ್ಕೂ ಮೈಯಲ್ಲಿ ಆಗೋದಕ್ಕೂ ಸಂಬಂಧ ಕಾಣಲ್ಲ, ಕಂಪನಿಗಳು ಜಾಹೀರಾತಿಗೆ ಬಳಸ್ಕೊಳ್ತಿವೆ ಅಂತ. ಇಲಾಖೆ ಕೈ ಬಿಡ್ತು, ನಮ್ಮ ವಾಟ್ಸಾಪ್ ಇನ್ನೂ ಹಿಡ್ಕೊಂಡಿದೆ.

ಈಗ ಎಎಲ್‌ಎಸ್‌ನ ದೊಡ್ಡ ಕಥೆ. 1993ರಲ್ಲಿ ವಂಶಪಾರಂಪರ್ಯವಾಗಿ ಎಎಲ್‌ಎಸ್ ಬರೋ ಕುಟುಂಬಗಳಲ್ಲಿ ಮೊದಲ ಜೀನ್ ಸಿಕ್ತು, ಎಸ್‌ಒಡಿ1. ಏನದು? ಸೂಪರಾಕ್ಸೈಡ್ ಡಿಸ್ಮ್ಯುಟೇಸ್! ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಎಂಜೈಮು, 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಅದರ ಕೆಲಸ ಏನು ಅಂತ ತೋರ್ಸಿದ್ರು. ನಮ್ಮಂಥ ಬಯೋಕೆಮಿಸ್ಟ್ರಿ ಮೇಷ್ಟ್ರುಗಳಿಗೆ ಹಬ್ಬ. ಆಂಟಿಆಕ್ಸಿಡೆಂಟ್ ಎಂಜೈಮ್ ಕೆಟ್ಟಿದೆ, ಅದಕ್ಕೇ ನರ ಸಾಯ್ತಿದೆ, ಹೊರಗಿಂದ ಆಂಟಿಆಕ್ಸಿಡೆಂಟ್ ಕೊಟ್ರೆ ಸರಿಹೋಗುತ್ತೆ, ಎಷ್ಟು ಚಂದದ ಲೆಕ್ಕ! ಆಮೇಲೆ ಇಲಿಗಳ ಮೇಲೆ ನೋಡಿದ್ರು. ಆ ಎಂಜೈಮೇ ಇಲ್ದೇ ಇರೋ ಇಲಿ ತಯಾರ್ ಮಾಡಿದ್ರು, ಅದಕ್ಕೆ ಎಎಲ್‌ಎಸ್ ಬರ್ಲೇ ಇಲ್ಲ. ತನ್ನ ಎಂಜೈಮ್ ಸರಿಯಾಗೇ ಇಟ್ಕೊಂಡು, ಅದರ ಜೊತೆಗೆ ಮನುಷ್ಯರ ಕೆಟ್ಟ ಎಸ್‌ಒಡಿ1 ಜೀನೂ ಸೇರ್ಸಿದ ಇಲಿಗೆ ಬಂತು. ಅಂದ್ರೆ ತೊಂದ್ರೆ ಆಂಟಿಆಕ್ಸಿಡೆಂಟ್ ಕಮ್ಮಿ ಆಗಿದ್ದಲ್ಲ, ಕೆಟ್ಟ ಪ್ರೋಟೀನು ಗಂಟು ಕಟ್ಕೊಂಡು ವಿಷ ಆಗಿದ್ದು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟೊಫರ್ಸೆನ್ ಅನ್ನೋ ಔಷಧಿ ಏನ್ ಮಾಡುತ್ತೆ ಗೊತ್ತಾ, ಈ ಎಸ್‌ಒಡಿ1 ತಯಾರಾಗೋದನ್ನೇ ಕಮ್ಮಿ ಮಾಡುತ್ತೆ. ಆಂಟಿಆಕ್ಸಿಡೆಂಟ್ ಎಂಜೈಮನ್ನ ಕಮ್ಮಿ ಮಾಡೋ ಔಷಧಿ! ಆ ಫಾರ್ವರ್ಡ್ ಬರೆದೋರಿಗೆ ಇದನ್ನ ಹೇಳಿದ್ರೆ ಏನಂತಾರೋ.

ಸರಿ, ಆದ್ರೂ ಆಂಟಿಆಕ್ಸಿಡೆಂಟ್ ಕೊಟ್ಟು ನೋಡೋಣ ಅಂತ ಮನುಷ್ಯರಿಗೂ ಕೊಟ್ರು. ಫ್ರಾನ್ಸಲ್ಲಿ ವಿಟಮಿನ್ ಇ, ಜರ್ಮನೀಲಿ ದಿನಕ್ಕೆ 5 ಗ್ರಾಂನಷ್ಟು ವಿಟಮಿನ್ ಇ, ಆಯಸ್ಸು ಹೆಚ್ಚಲಿಲ್ಲ. ಕೋಎಂಜೈಮ್ ಕ್ಯೂ10, ಇಲ್ಲ. ಡುಶೆನ್ ಮಕ್ಕಳಿಗೆ ಐಡೆಬೆನೋನ್ ಅಂತ, ಉಸಿರಾಟಕ್ಕೆ ಒಳ್ಳೇದಾಗುತ್ತೆ ಅಂತ ಭಾರೀ ಭರವಸೆ ಇತ್ತು, 2020ರಲ್ಲಿ ಆ ಟ್ರಯಲ್ ಅರ್ಧಕ್ಕೇ ನಿಲ್ಸಿದ್ರು, ಪ್ರಯೋಜನ ಕಾಣಲ್ಲ ಅಂತ. ಒಂದೇ ಒಂದು ಒಳಗೆ ಬಂತು, ಎಡರಾವೋನ್. ಜಪಾನಲ್ಲಿ 2015, ಅಮೆರಿಕದಲ್ಲಿ 2017. ಅದರ ಮುಖ್ಯ ಟ್ರಯಲ್‌ನಲ್ಲಿ 137 ಜನ, ಎಲ್ಲ ರೋಗದ ಶುರುವಲ್ಲಿರೋರನ್ನ ಆರಿಸ್ಕೊಂಡಿದ್ದು, ಆರು ತಿಂಗಳಿಗೆ, ಮಾತು, ಕೈಕಾಲು, ಉಸಿರಾಟ ಎಷ್ಟು ನಡೀತಿದೆ ಅಂತ ಅಳೆಯೋ 48 ಅಂಕದ ಸ್ಕೇಲಲ್ಲಿ ಎರಡೂವರೆ ಅಂಕದ ವ್ಯತ್ಯಾಸ. ಆಮೇಲೆ ಯೂರೋಪಲ್ಲಿ ಬಾಯಿಂದ ತಗೊಳ್ಳೋ ಎಡರಾವೋನ್ ಟ್ರಯಲ್ ಆಯ್ತು, 2024ರಲ್ಲಿ ಫಲಿತಾಂಶ ಬಂತು, ಗುರಿ ಮುಟ್ಟಲಿಲ್ಲ. ಯೋಚ್ನೆ ಮಾಡಿ, ಶುದ್ಧ ಮಾಡಿದ, ಅಳತೆ ಗೊತ್ತಿರೋ, ನೇರ ರಕ್ತಕ್ಕೆ ಹನಿಸಿದ ಆಂಟಿಆಕ್ಸಿಡೆಂಟಿನ ಗತಿ ಇದು. ಚಮಚದಲ್ಲಿ ಬಿಸಿನೀರಿಗೆ ಕಲಸಿದ ಪುಡಿ ಗತಿ ಏನು?

ಇಲಿ ಅಂದಾಗ ನೆನಪಾಯ್ತು. ಇಲೀಲಿ ಚೆನ್ನಾಗಾಯ್ತು ಅಂತ ಪೇಪರ್ ತೋರ್ಸೋರಿಗೂ ಒಂದು ಉತ್ತರ ಇದೆ. ಅಮೆರಿಕದ ಒಂದು ಎಎಲ್‌ಎಸ್ ಸಂಶೋಧನಾ ಸಂಸ್ಥೆಯೋರು ಎಸ್‌ಒಡಿ1 ಇಲಿಗಳ ಮೇಲೆ 70ಕ್ಕೂ ಹೆಚ್ಚು ಔಷಧಿಗಳನ್ನ ಸರಿಯಾದ ಸಂಖ್ಯೆಯ ಇಲಿ ಇಟ್ಕೊಂಡು ಮತ್ತೆ ಪರೀಕ್ಷೆ ಮಾಡಿ 2008ರಲ್ಲಿ ವರದಿ ಮಾಡಿದ್ರು. ಅದರಲ್ಲಿ ಮುಂಚೆ ಬೇರೆ ಲ್ಯಾಬ್‌ಗಳಲ್ಲಿ ಕೆಲಸ ಮಾಡಿದ್ವು ಅಂತ ಹೆಸರು ಮಾಡಿದ್ವೂ ಇದ್ವು. ಯಾವುದರ ಪರಿಣಾಮಾನೂ ನಿಲ್ಲಲಿಲ್ಲ. ನಾಲ್ಕೈದು ಇಲಿ ಇಟ್ಕೊಂಡ್ರೆ ಅದೃಷ್ಟಾನೇ ಔಷಧಿ ತರ ಕಾಣುತ್ತೆ. ಅದಕ್ಕೇ ಹೇಳೋದು, ಯಾರ ಮೇಲೆ ನೋಡಿದ್ರಿ ಅಂತ ಕೇಳಿ, ಎಷ್ಟು ಜನದ ಮೇಲೆ ಅಂತಾನೂ ಕೇಳಿ.

ಈಗ ಆ ಬಿಳೀ ದಾಡಿ ಅಣಬೆ, ಲಯನ್ಸ್ ಮೇನ್. ಇದು ಪೂರ್ತಿ ಬುರುಡೆ ಅಲ್ಲ. ಜಪಾನಿನ ಕವಾಗಿಶಿ ಮತ್ತವರ ತಂಡ 1990ರ ದಶಕದಲ್ಲಿ ಇದರಿಂದ ಹೆರಿಸೆನೋನ್, ಎರಿನಸಿನ್ ಅನ್ನೋ ವಸ್ತುಗಳನ್ನ ಬೇರ್ಪಡಿಸಿದ್ರು, ತಟ್ಟೇಲಿರೋ ಕೋಶಗಳಲ್ಲಿ ನರ ಬೆಳೆಸೋ ಎನ್‌ಜಿಎಫ್ ಅನ್ನೋ ಪ್ರೋಟೀನು ಇವುಗಳಿಂದ ಜಾಸ್ತಿ ಆಗುತ್ತೆ. 2009ರಲ್ಲಿ ಜಪಾನಲ್ಲೇ 50ರಿಂದ 80 ವಯಸ್ಸಿನ, ಸ್ವಲ್ಪ ಮರೆವು ಶುರುವಾದ 30 ಜನರಲ್ಲಿ ಅರ್ಧ ಜನಕ್ಕೆ 16 ವಾರ ಕೊಟ್ಟು ನೋಡಿದ್ರು, ಅಂಕ ಸ್ವಲ್ಪ ಏರಿತು, ನಿಲ್ಸಿ ನಾಲ್ಕು ವಾರಕ್ಕೆ ಮತ್ತೆ ಇಳೀತು. ಮನುಷ್ಯರ ಮೇಲೇ ನೋಡಿದಾರೆ, ಸಂತೋಷ. ಆದ್ರೆ ನೋಡಿದ್ದು ನೆನಪಿನ ಶಕ್ತಿ, ಕೈಕಾಲಿನ ಶಕ್ತಿ ಅಲ್ಲ. ಮೋಟಾರ್ ನರಕೋಶ ಸಾಕೋ ಪ್ರೋಟೀನುಗಳು ಬೇರೆ, ಬಿಡಿಎನ್ಎಫ್, ಸಿಎನ್‌ಟಿಎಫ್ ಅಂತ, ಅವನ್ನ ನೇರವಾಗಿ ಇಂಜೆಕ್ಷನ್ ಮಾಡಿ ಎಎಲ್‌ಎಸ್‌ನೋರಿಗೆ 90ರ ದಶಕದಲ್ಲೇ ಕೊಟ್ಟು ನೋಡಿದಾರೆ, ಫಲ ಸಿಗಲಿಲ್ಲ.

"ಆದ್ರೆ ಸರ್, ನಮ್ಮ ಪರಿಚಯದೋರೊಬ್ರಿಗೆ ಪುಡಿ ತಗೊಂಡ ಮೇಲೆ ರೋಗ ನಿಂತೇ ಹೋಯ್ತು" ಅಂತೀರಿ. ಇರಬಹುದು, ನಾನು ಸುಳ್ಳು ಅನ್ನಲ್ಲ. ನಮ್ಮ ಕಡೆ ಇದನ್ನ ವಿಶೇಷವಾಗಿ ಯೋಚ್ನೆ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗೌರಿದೇವಿ ಅವರು 1984ರಲ್ಲಿ ಮೊನೊಮೆಲಿಕ್ ಅಮಯೋಟ್ರಫಿ ಅಂತ ಹೆಸರಿಟ್ಟು ಬರೆದ್ರು, ಹುಡುಗ್ರಿಗೆ ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗ್ತಾ ಹೋಗುತ್ತೆ, ಕೆಲವು ವರ್ಷ ಹೆಚ್ಚಾಗಿ ಆಮೇಲೆ ತಾನಾಗೇ ನಿಂತುಬಿಡುತ್ತೆ. ತಾನಾಗೇ! ದಕ್ಷಿಣ ಭಾರತದಲ್ಲೇ ಹೆಚ್ಚು ಕಂಡಿರೋ ಮದ್ರಾಸ್ ಮೋಟಾರ್ ನ್ಯೂರಾನ್ ಡಿಸೀಸ್ ಅಂತ ಇನ್ನೊಂದು, ಚಿಕ್ಕ ವಯಸ್ಸಲ್ಲಿ ಶುರು, ಕಿವಿ ಮಂದ, ಮುಖದ ಸ್ನಾಯು ಸೋಲುತ್ತೆ, ಆದ್ರೆ ತುಂಬ ನಿಧಾನ, ದಶಕಗಟ್ಟಲೆ ಬದುಕ್ತಾರೆ. ಡುಶೆನ್ ಮಗೂನೇ ತಗೊಳ್ಳಿ, ಆರೇಳು ವರ್ಷದ ತನಕ ಬೆಳವಣಿಗೆ ರೋಗಕ್ಕಿಂತ ಮುಂದಿರುತ್ತೆ, ಮಗು ಚುರುಕಾದ ಹಾಗೆ ಕಾಣುತ್ತೆ. ಆ ಹೊತ್ತಿಗೆ ಸರಿಯಾಗಿ ಯಾರೋ ಪುಡಿ ಕೊಟ್ಟಿದ್ರೆ ಹೆಸರು ಪುಡಿಗೆ ಹೋಗುತ್ತೆ, ಅದರ ಮೇಲೆ ಆ ತಾಯಿ ಫೋಟೋ ಹಾಕಿ ಇನ್ನೊಂದು ಫಾರ್ವರ್ಡು.

ಇನ್ನು ಆ ಕೆಂಪು ಅಣಬೆ, ರೇಷಿ, ಲಿಂಗ್‌ಝಿ ಅಂತ ಚೀನಾ ಜಪಾನಲ್ಲಿ ಅಮೃತ ಅಂತಾರೆ, ಕುಲದ ಹೆಸರು ಗ್ಯಾನೋಡರ್ಮಾ. ಇಲ್ಲಿ ಅಡಿಕೆ ಬೆಳೆಗಾರರು ಎಷ್ಟು ಜನ ಇದೀರಿ, ಕೈ ಎತ್ತಿ? ಹಾ, ನೋಡಿ. ನಿಮಗೆ ಅಣಬೆ ರೋಗ ಗೊತ್ತಲ್ಲ? ಸೋಗೆ ಹಳದಿ ಆಗುತ್ತೆ, ಜೋತು ಬೀಳುತ್ತೆ, ಬುಡದಲ್ಲಿ ಕಂದು ಬಣ್ಣದ ಅಂಟು ಒಸರುತ್ತೆ, ಕೊನೆಗೆ ಮಳೆಗಾಲದಲ್ಲಿ ಬುಡದಲ್ಲಿ ಒಂದು ಬೀಟೆ ಬಣ್ಣದ, ಪಾಲಿಶ್ ಹೊಡೆದ ಹಾಗೆ ಮಿರಮಿರ ಮಿಂಚೋ, ಅಂಚು ಮಾತ್ರ ಬೆಳ್ಳಗಿರೋ ಗಟ್ಟಿ ಅಣಬೆ ಮೂಡುತ್ತೆ, ಉಗುರಲ್ಲಿ ಒತ್ತಿದ್ರೆ ಅಂಚು ಮೆತ್ತಗೆ, ನಡು ಕಟ್ಟಿಗೆ. ಅದು ಮೂಡೋ ಹೊತ್ತಿಗೆ ಮರ ಹೋಯ್ತು ಅಂತಾನೇ ಲೆಕ್ಕ, ಸುತ್ತ ಅಗಳು ತೆಗೆದು ಪಕ್ಕದ ಮರ ಉಳಿಸ್ಕೊಳ್ಳೋದೊಂದೇ ದಾರಿ. ಆ ಅಣಬೇನೂ ಗ್ಯಾನೋಡರ್ಮಾನೇ! ನಾವು ತೋಟದಲ್ಲಿ ಶಾಪ ಹಾಕಿ ಕಿತ್ತು ಸುಡೋ ಕುಲದ್ದನ್ನ ಅವರು ಕಾಫಿಗೆ ಬೆರೆಸಿ ಚೈನ್ ಮಾರ್ಕೆಟಿಂಗ್‌ನಲ್ಲಿ ಮಾರ್ತಾರೆ, ಮೂರು ಜನಾನ ಸೇರ್ಸಿದ್ರೆ ನಿಮಗೂ ಕಮಿಷನ್ನು. ಹಂಗಂತ ಯಾರೂ ತೋಟದ್ದು ಕಿತ್ತು ಕಷಾಯ ಮಾಡಬೇಡಿ ಮತ್ತೆ, ನಾನು ಹೇಳಿದ್ದು ಅದಕ್ಕಲ್ಲ!

ಈಗ ನನಗೆ ಬಹಳ ಇಷ್ಟವಾದ ಒಂದು ಕಥೆ, ಸ್ವಲ್ಪ ಟೈಮ್ ತಗೊಳ್ತೀನಿ, ಅಧ್ಯಕ್ಷರು ಗಡಿಯಾರ ನೋಡ್ಬಾರ್ದು. ಫ್ರಾನ್ಸಿನ ಆಲ್ಪ್ಸ್ ಬೆಟ್ಟದಲ್ಲಿ ಸವೊಯ್ ಸೀಮೆ, ಅಲ್ಲಿ ಮೊಂಶವಾಂ ಅಂತ ಒಂದು ಪುಟ್ಟ ಹಳ್ಳಿ, ಚಳಿಗಾಲದಲ್ಲಿ ಸ್ಕೀಯಿಂಗ್‌ಗೆ ಜನ ಬರೋ ಜಾಗ. ಎಎಲ್‌ಎಸ್ ಸಾಮಾನ್ಯವಾಗಿ ವರ್ಷಕ್ಕೆ ಲಕ್ಷ ಜನದಲ್ಲಿ ಎರಡು ಮೂರು ಜನಕ್ಕೆ ಬರೋದು. ಈ ಹಳ್ಳಿ ನೋಡಿದ್ರೆ ಕೆಲವು ನೂರು ಜನದ್ದು. ಗ್ರೆನೋಬಲ್ ಊರಿನ ನ್ಯೂರಾಲಜಿಸ್ಟ್ ಎಮ್ಮೆಲಿನ್ ಲಗ್ರಾಂಜ್ ಅವರ ಹತ್ರ ಆ ಕಡೆಯಿಂದ ಒಬ್ರು ಬರ್ತಾರೆ, ಆಮೇಲೆ ಇನ್ನೊಬ್ರು, ಮತ್ತೊಬ್ರು. ಕಾಕತಾಳೀಯ ಅಂತ ಬಿಡಬಹುದಿತ್ತು, ಆಯಮ್ಮ ಬಿಡಲಿಲ್ಲ. ಹುಡುಕಿದ್ರು. ಜೀನ್ ನೋಡಿದ್ರು, ಒಂದೇ ವಂಶದೋರಲ್ಲ. ಕುಡಿಯೋ ನೀರು, ಮಣ್ಣು, ಗಾಳಿ, ಸೀಸ, ರೇಡಾನ್, ಎಲ್ಲ ಜಾಲಾಡಿದ್ರೂ ಏನೂ ಸಿಗಲ್ಲ. ವರ್ಷಗಟ್ಟಲೆ ಹಿಂಗೇ.

ಆಮೇಲೆ ಪೀಟರ್ ಸ್ಪೆನ್ಸರ್ ಅನ್ನೋರು ಇದಕ್ಕೆ ಸೇರ್ಕೊಳ್ತಾರೆ. ಇವರು ಬಹಳ ವರ್ಷ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಮೇಲೆ ಕೆಲಸ ಮಾಡಿದೋರು. ಅಲ್ಲಿ ಚಮೊರೋ ಜನದಲ್ಲಿ ಎರಡನೇ ಮಹಾಯುದ್ಧದ ನಂತರ ಎಎಲ್‌ಎಸ್ ತರದ ರೋಗ ವಿಪರೀತ, ಸೈಕಾಡ್ ಮರದ ಬೀಜ ತಿನ್ನೋದ್ರಿಂದ ಇರಬಹುದು ಅನ್ನೋ ಅನುಮಾನ ಇತ್ತು. ಅದಕ್ಕೇ ಇವರ ತಲೇಲಿ ಓಡಿದ್ದು ಊಟ. ಈ ಹಳ್ಳಿಯೋರು ಏನು ತಿಂತಾರೆ ಕೇಳಿ ಅಂದ್ರು. ಕೇಳಿದ್ರೆ, ಅಣಬೆ! ಕಾಡಿಂದ ಆರಿಸಿದ ಅಣಬೆ, ಅದರಲ್ಲೂ ಜೈರೊಮಿತ್ರ, ಮೋರೆಲ್ ಅನ್ನೋ ತಿನ್ನೋ ಅಣಬೆ ತರಾನೇ ಕಾಣೋ ಹುಸಿ ಮೋರೆಲ್, ಮಿದುಳಿನ ಹಾಗೆ ಸುಕ್ಕುಸುಕ್ಕು. ಫ್ರಾನ್ಸಲ್ಲಿ ಅದನ್ನ ಮಾರೋಕೇ ನಿಷೇಧ. ಆದ್ರೆ ಆರಿಸ್ಕೊಂಡು ತಿನ್ನೋರನ್ನ ಯಾರು ತಡೀತಾರೆ, ನಮ್ಮ ಮಲೆನಾಡಲ್ಲಿ ಗುಡುಗು ಬಂದ ಮಾರನೇ ದಿನ ಹುತ್ತದ ಹತ್ರ ಯಾರನ್ನ ತಡೆಯೋಕಾಗುತ್ತೆ ಹೇಳಿ. 2021ರಲ್ಲಿ ಪ್ರಕಟವಾದ ಅವರ ವರದಿ ಪ್ರಕಾರ 14 ಜನ ರೋಗಿಗಳೂ ಇದನ್ನ ತಿಂದಿದ್ರು. ಹೋಲಿಕೆಗೆ ಅಂತ ತಗೊಂಡ ರೋಗ ಇಲ್ದಿರೋ 48 ಜನ ತಿಂದಿರಲಿಲ್ಲ. ಆ ಅಣಬೇಲಿರೋ ಜೈರೊಮಿಟ್ರಿನ್ ಹೊಟ್ಟೆಗೆ ಹೋದ್ಮೇಲೆ ಮೊನೊಮಿಥೈಲ್ ಹೈಡ್ರಜೀನ್ ಆಗುತ್ತೆ, ಅದು ರಾಕೆಟ್ ಇಂಧನ ಸ್ವಾಮಿ, ತಮಾಷೆ ಅಲ್ಲ, ನಿಜವಾಗ್ಲೂ ರಾಕೆಟ್‌ಗೆ ಹಾಕೋದು. ಅದು ಡಿಎನ್ಎಗೆ ಪೆಟ್ಟು ಕೊಡುತ್ತೆ. ಇದೇ ಕಾರಣ ಅಂತ ಸಾಬೀತಾಗಿಲ್ಲ, 14 ಜನ ಅಂದ್ರೆ ಸಣ್ಣ ಸಂಖ್ಯೆ, ತಿಂದಿದ್ದು ಹೌದಾ ಅಂತ ನೆನಪಿನ ಮೇಲೆ ಕೇಳಿದ್ದು, ಆ ಎಚ್ಚರಿಕೆನೂ ಹೇಳಬೇಕು, ಇಲ್ದಿದ್ರೆ ನನಗೂ ಪುಡಿ ಮಾರೋನಿಗೂ ವ್ಯತ್ಯಾಸ ಇರಲ್ಲ. ಆದ್ರೆ ಯೋಚ್ನೆ ಮಾಡಿ, "ಅಣಬೆ ನರ ಕಾಪಾಡುತ್ತೆ" ಅನ್ನೋದಕ್ಕಿಂತ "ಒಂದು ಅಣಬೆ ನರ ಕೊಲ್ಲಬಹುದು" ಅನ್ನೋದಕ್ಕೆ ಇವತ್ತು ಮನುಷ್ಯರ ಮೇಲಿನ ಪುರಾವೆ ಜಾಸ್ತಿ ಇದೆ!

ಸ್ನಾಯುಗೂ ಒಂದಿದೆ. ಅದೇ ಫ್ರಾನ್ಸಲ್ಲೇ ಟ್ರೈಕೊಲೋಮಾ ಅಂತ ಒಂದು ಹಳದಿ ಅಣಬೆ, ತಲೆತಲಾಂತರದಿಂದ ರುಚಿ ಅಂತ ತಿಂತಿದ್ರು, ಸಂತೇಲಿ ಮಾರ್ತಿದ್ರು. 1992ರಿಂದ 2000ದ ಒಳಗೆ 12 ಜನಕ್ಕೆ ಅದನ್ನ ಮೇಲಿಂದ ಮೇಲೆ ಹಲವು ಊಟಕ್ಕೆ ತಿಂದು ಸ್ನಾಯು ಕರಗಿ ಹೋಯ್ತು, ಮೂರು ಜನ ತೀರ್ಕೊಂಡ್ರು. ನಿಮಗೆಲ್ಲ ಸಿಪಿಕೆ ಅಂದ್ರೆ ಗೊತ್ತಲ್ಲ, ಸ್ನಾಯು ಹಾಳಾದಾಗ ರಕ್ತಕ್ಕೆ ಸೋರೋ ಎಂಜೈಮು, ಡುಶೆನ್ ಮಕ್ಕಳ ರಿಪೋರ್ಟಲ್ಲಿ ಮೊದ್ಲು ಕಣ್ಣಿಗೆ ಬೀಳೋ ಆ ದೊಡ್ಡ ಸಂಖ್ಯೆ, ಅಣಬೆ ತಿಂದ ಆರೋಗ್ಯವಂತರಲ್ಲೂ ಅದು ಹಂಗೇ ಏರಿತ್ತು. ನ್ಯಾಚುರಲ್ ಅಂದ್ರೆ ಸೇಫ್ ಅನ್ನೋರಿಗೆ ಇದನ್ನ ಹೇಳಿ.

ಏನಪ್ಪಾ ಇವರಿಗೆ ಅಣಬೆ ಕಂಡ್ರೇ ಆಗಲ್ವಾ ಅಂತ ಆ ಕಡೆ ಕೂತಿರೋ ಅಮ್ಮ ನಗ್ತಿದಾರೆ. ಇಲ್ಲಮ್ಮ, ಹಂಗಲ್ಲ. ಇಲ್ಲೇ ಮಯಸ್ತೇನಿಯಾಗೆ ಮೈಕೊಫಿನೊಲೇಟ್ ಮಾತ್ರೆ ತಗೊಳ್ಳೋರು ಇರ್ತೀರಿ. ಅದು ಎಲ್ಲಿಂದ ಬಂತು? ಬೂಷ್ಟಿಂದ. 1893ರಲ್ಲಿ ಇಟಲಿಯ ಗೋಸಿಯೋ ಅನ್ನೋರು ಕೆಟ್ಟ ಮೆಕ್ಕೆಜೋಳದ ಬೂಷ್ಟಲ್ಲಿ ಕಂಡಿದ್ದು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಫಿಂಗೊಲಿಮಾಡ್ ಅಂತ ಕ್ಯಾಪ್ಸೂಲ್ ಇದೆ, ಅದರ ಮೂಲ ಮಿರಿಯೋಸಿನ್ ಅನ್ನೋ ವಸ್ತು, ಅದು ಸಿಕ್ಕಿದ್ದು ಕಾರ್ಡಿಸೆಪ್ಸ್ ಅನ್ನೋ ಹುಳದ ಅಣಬೆಯ ಹತ್ತಿರದ ನೆಂಟ ಅನ್ನಬಹುದಾದ, ಹುಳದ ಮೇಲೆ ಬೆಳೆಯೋ ಶಿಲೀಂಧ್ರದಲ್ಲಿ. ಜಪಾನಿನ ಫುಜಿತಾ ಅವರ ತಂಡ ಅದನ್ನ ಹಿಡಿದು, ವಿಷದ ಭಾಗ ಕಡಿಮೆ ಮಾಡಿ, ಅಣು ತಿದ್ದಿ ತೀಡಿ, ಸಾವಿರಾರು ರೋಗಿಗಳ ಮೇಲೆ ಟ್ರಯಲ್ ಆಗಿ, 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ದಾರಿ ಇದು. ಅಣಬೆ ಕುಲದಿಂದ ಔಷಧಿ ಬರುತ್ತೆ, ಖಂಡಿತ ಬರುತ್ತೆ, ಆದ್ರೆ ಬಂದಾಗ ಅದಕ್ಕೆ ಒಂದು ಡೋಸ್ ಇರುತ್ತೆ, ಸೈಡ್ ಎಫೆಕ್ಟ್ ಪಟ್ಟಿ ಇರುತ್ತೆ, ಯಾರ ಮೇಲೆ ನೋಡಿದ್ರಿ ಅಂದ್ರೆ ಹೇಳೋಕೆ ಉತ್ತರ ಇರುತ್ತೆ. ಸೈಡ್ ಎಫೆಕ್ಟೇ ಇಲ್ಲ ಅಂತ ಬರೆದಿದ್ರೆ ಯಾರೂ ನೋಡೇ ಇಲ್ಲ ಅಂತ ಅರ್ಥ.

ಇನ್ನೊಂದು ಆಶೆ ಇರೋ ಜಾಗ, ಎರ್ಗೊಥಿಯೊನೈನ್. ಹೆಸರು ಕಷ್ಟ, ನೆನಪಿಟ್ಕೊಳ್ಳೋದು ಬೇಡ. 1909ರಿಂದ ಗೊತ್ತಿರೋ ವಸ್ತು, ನಮ್ಮ ಮೈ ಅದನ್ನ ತಯಾರ್ಸಲ್ಲ, ಊಟದಿಂದಾನೇ ಬರಬೇಕು, ಅಣಬೇಲಿ ಹೇರಳ, ಬಟನ್‌ಗಿಂತ ಆಯ್ಸ್ಟರ್ ಅಣಬೇಲಿ, ಶಿಟಾಕೆಯಲ್ಲಿ ಜಾಸ್ತಿ. 2005ರಲ್ಲಿ ಗೊತ್ತಾಗಿದ್ದೇನಂದ್ರೆ ಇದನ್ನ ಹಿಡಿದು ಒಳಗೆ ಎಳ್ಕೊಳ್ಳೋಕೆ ನಮ್ಮ ಕೋಶಗಳಲ್ಲಿ ಒಂದು ಟ್ರಾನ್ಸ್‌ಪೋರ್ಟರ್ ಇದೆ. ಮೈ ಇಷ್ಟು ಮುತುವರ್ಜಿಯಿಂದ ಹಿಡಿದಿಟ್ಕೊಳ್ಳುತ್ತೆ ಅಂದ್ಮೇಲೆ ಏನೋ ಕೆಲಸ ಇದ್ದೇ ಇರಬೇಕು. ಸಿಂಗಾಪುರದ ಹ್ಯಾಲಿವೆಲ್, ಚೀಯಾ ಅವರು ಮರೆವಿನ ಕಾಯಿಲೆ ಶುರುವಾದೋರ ರಕ್ತದಲ್ಲಿ ಇದು ಕಮ್ಮಿ ಅಂತ ಕಂಡಿದಾರೆ. ಕಮ್ಮಿ ಇರೋದ್ರಿಂದ ಮರೆವಾ, ಮರೆವಿನೋರು ಸರಿಯಾಗಿ ಊಟ ಮಾಡದೇ ಕಮ್ಮಿ ಆಯ್ತಾ, ಅದು ಬೇರೆ ಪ್ರಶ್ನೆ. ನರ-ಸ್ನಾಯು ರೋಗಕ್ಕೆ ಇದರಿಂದ ಲಾಭ ಅಂತ ತೋರ್ಸಿದ ಟ್ರಯಲ್ ಇಲ್ಲ. ಆದ್ರೆ ಇದಕ್ಕೆ ಬಾಟಲಿ ಬೇಕಾಗೂ ಇಲ್ಲ ನೋಡಿ. ಸಂತೇಲಿ ಸಿಗೋ ಆಯ್ಸ್ಟರ್ ಅಣಬೆ ತಂದು ಸಾರೋ ಪಲ್ಯವೋ ಮಾಡಿ ತಿಂದ್ರಾಯ್ತು, ಕೊಡಗಿನೋರು ಕುಮ್ಮು ಸಾರಿಗೆ ಯಾರ ಸರ್ಟಿಫಿಕೇಟ್ ಕಾದಿದ್ರು? ಇನ್ನೊಂದು ಉಪಯೋಗ, ಹೆಚ್ಚಿ ಮಧ್ಯಾಹ್ನದ ಬಿಸಿಲಲ್ಲಿ ಇಟ್ರೆ ಅಣಬೇಲಿ ವಿಟಮಿನ್ ಡಿ ಹುಟ್ಟುತ್ತೆ, ಮನೆಯಿಂದ ಹೊರಗೆ ಬರೋಕಾಗದೋರಿಗೆ, ಸ್ಟೀರಾಯ್ಡ್ ತಗೊಂಡು ಮೂಳೆ ಸವೆಯೋ ಮಕ್ಕಳಿಗೆ ಒಳ್ಳೇದು, ಡಾಕ್ಟ್ರು ಕೊಟ್ಟ ವಿಟಮಿನ್ ಡಿ ಬದಲಿಗಲ್ಲ, ಜೊತೆಗೆ. ನುಂಗೋಕೆ ಕಷ್ಟ ಇರೋರಿಗೆ ಮಾತ್ರ ಅಣಬೆ ಚೂರು ಅಪಾಯ, ಜಾರುತ್ತೆ, ನುಣ್ಣಗೆ ರುಬ್ಬಿ ಗಟ್ಟಿ ಸೂಪ್ ಮಾಡಬೇಕು.

ಚೀಟಿ ಬಂತು. ಹತ್ತು ನಿಮಿಷ ಅಂತೆ. ನಾನು ಬರ್ಕೊಂಡು ಬಂದಿದ್ರಲ್ಲಿ ಇನ್ನೂ ಅರ್ಧ ಇದೆ, ಇರ್ಲಿ.

ಕಾರ್ಡಿಸೆಪ್ಸ್, ಕೀಡಾ ಜಡಿ, ಉತ್ತರಾಖಂಡದ ಮೇಲಿನ ಹುಲ್ಲುಗಾವಲಲ್ಲಿ ಜನ ಮಂಡಿಯೂರಿ ಹುಡುಕೋದು, ಕಿಲೋಗೆ ಲಕ್ಷಗಟ್ಟಲೆ. 1993ರಲ್ಲಿ ಚೀನಾದ ಓಟಗಾರ್ತಿಯರು ದಾಖಲೆ ಮೇಲೆ ದಾಖಲೆ ಮುರಿದಾಗ ಕೋಚ್ ಮಾ ಜುನ್ರೆನ್ ಆಮೆ ರಕ್ತ ಮತ್ತೆ ಈ ಹುಳದ ಅಣಬೆ ಅಂದ್ರು, ಜಗತ್ತಿಗೆಲ್ಲ ಇದು ಪರಿಚಯ ಆಗಿದ್ದೇ ಅಲ್ಲಿಂದ. 2016ರಲ್ಲಿ ಆ ಓಟಗಾರ್ತಿಯರು ಬರೆದಿದ್ದು ಅನ್ನೋ ಹಳೇ ಪತ್ರವೊಂದು ಚೀನಾದ ಪತ್ರಿಕೆಗಳಲ್ಲಿ ಬಂತು, ನಮಗೆ ಬಲವಂತವಾಗಿ ಡೋಪಿಂಗ್ ಔಷಧಿ ಕೊಡ್ತಿದ್ರು ಅಂತ. ಇನ್ನು ಹೇಳೋದೇನಿದೆ.

ಬಾಟಲಿ ಒಳಗೆ ಏನಿದೆ ಅನ್ನೋದು ಇನ್ನೊಂದು. ಅಮೆರಿಕದಲ್ಲಿ ಮಾರ್ತಿದ್ದ 19 ರೇಷಿ ಉತ್ಪನ್ನ ತಂದು ಪರೀಕ್ಷೆ ಮಾಡಿದ್ರು, 2017ರ ವರದಿ, ಲೇಬಲ್ ಹೇಳಿದ್ದು ಒಳಗೆ ಇದ್ದಿದ್ದು ಐದರಲ್ಲಿ ಮಾತ್ರ. ಕೆಲವರು ಅಣಬೇನೇ ಹಾಕಲ್ಲ, ಧಾನ್ಯದ ಮೇಲೆ ಬೆಳೆಸಿದ ಬೇರಿನಂಥ ಎಳೆಗಳನ್ನ ಧಾನ್ಯದ ಸಮೇತ ಪುಡಿ ಮಾಡ್ತಾರೆ, ಅರ್ಧ ಪಿಷ್ಟ. ರೇಷಿ ಪುಡಿಯಿಂದ ಲಿವರ್ ಕೆಟ್ಟ ಪ್ರಕರಣಗಳು ಹಾಂಗ್‌ಕಾಂಗ್, ಥಾಯ್ಲೆಂಡಿಂದ ವರದಿಯಾಗಿವೆ. ಎಎಲ್‌ಎಸ್‌ನೋರು ರಿಲುಜೋಲ್ ತಗೊಳ್ತೀರಿ, ಅದಕ್ಕೂ ಲಿವರ್ ಟೆಸ್ಟ್ ಮಾಡಿಸ್ತಾನೇ ಇರಬೇಕು. ಎರಡೂ ಸೇರಿ ಲಿವರ್ ಕೆಟ್ರೆ ಡಾಕ್ಟ್ರು ಮೊದ್ಲು ನಿಲ್ಸೋದು ಯಾವುದನ್ನ? ರಿಲುಜೋಲನ್ನ! ಯಾಕಂದ್ರೆ ಪುಡಿ ವಿಷ್ಯ ನೀವು ಹೇಳೇ ಇರಲ್ಲ. ಹೇಳಿ, ದಯವಿಟ್ಟು ಹೇಳಿ, ಬೈದ್ರೆ ಬೈಸ್ಕೊಳ್ಳಿ. ಡುಶೆನ್ ಮಕ್ಕಳ ತಾಯಂದಿರೇ, ಪುಡಿ ಶುರು ಮಾಡಿ ಸ್ಟೀರಾಯ್ಡ್ ಪಟ್ಟಂತ ನಿಲ್ಸೋದು ಮಾತ್ರ ಎಂದಿಗೂ ಬೇಡ, ಅದು ಜೀವಕ್ಕೇ ಅಪಾಯ.

ಆಂಟಿಆಕ್ಸಿಡೆಂಟ್ ಅನ್ನೋ ದಾರೀನೇ ಮುಚ್ಚಿಲ್ಲ, ಅದನ್ನೂ ಹೇಳಿಬಿಡ್ತೀನಿ. ನಡಿಗೆಯ ಹಿಡಿತ ತಪ್ಪಿಸೋ, ವಂಶದಲ್ಲಿ ಬರೋ ಫ್ರೀಡ್ರಿಕ್ ಅಟಾಕ್ಸಿಯಾ ಅನ್ನೋ ರೋಗಕ್ಕೆ 2023ರಲ್ಲಿ ಒಮವೆಲೊಕ್ಸೊಲೋನ್ ಅನ್ನೋ ಔಷಧಿ ಬಂತು, ಅದು ಹೊರಗಿಂದ ಆಂಟಿಆಕ್ಸಿಡೆಂಟ್ ಸುರಿಯಲ್ಲ, ಕೋಶದ ಒಳಗಿನ ಎನ್‌ಆರ್‌ಎಫ್2 ಅನ್ನೋ ಸ್ವಿಚ್ ಹಾಕಿ ಅದರದೇ ರಕ್ಷಣೆ ಎಬ್ಬಿಸುತ್ತೆ. ಅದನ್ನ ಬಿಡಿಸಿ ಹೇಳೋಕೆ ಇನ್ನೊಂದು ಉಪನ್ಯಾಸ ಬೇಕು, ಬೆಲೆ ಹೇಳೋಕೆ ಧೈರ್ಯ ಬೇಕು.

ಕೊನೇದಾಗಿ ದುಡ್ಡು. ಪುಡಿಗೆ ತಿಂಗಳು ತಿಂಗಳು ಸಾವಿರಗಟ್ಟಲೆ ಸುರಿಯೋ ಮನೆಗಳಲ್ಲಿ ರಾತ್ರಿ ಉಸಿರಾಟದ ಪರೀಕ್ಷೆ ಮಾಡ್ಸಿರಲ್ಲ. ಮಾಸ್ಕ್ ಹಾಕಿ ಉಸಿರಾಟಕ್ಕೆ ನೆರವಾಗೋ ಬೈಪ್ಯಾಪ್ ಮಿಷನ್ನು, ನುಂಗೋಕೆ ಬಾಯಿ ಗಂಟಲು ತಕ್ಕಮಟ್ಟಿಗೆ ಚೆನ್ನಾಗಿರೋ ಎಎಲ್‌ಎಸ್‌ನೋರಲ್ಲಿ, 2006ರ ಬ್ರಿಟನ್ ಟ್ರಯಲ್‌ನಲ್ಲಿ ಸರಾಸರಿ ಏಳು ತಿಂಗಳ ಹತ್ರ ಹೆಚ್ಚು ಆಯಸ್ಸು ಕೊಡ್ತು. ಏಳು ತಿಂಗಳು! ರಿಲುಜೋಲ್ ಕೊಡೋದೇ ಎರಡು ಮೂರು ತಿಂಗಳು. ತೂಕ ಇಳೀದ ಹಾಗೆ ನೋಡ್ಕೊಳ್ಳೋದು, ಕೆಮ್ಮು ತೆಗೆಸೋದು, ಕೀಲು ಬಿಗಿಯದ ಹಾಗೆ ಫಿಸಿಯೋಥೆರಪಿ, ಇದ್ಯಾವುದಕ್ಕೂ ಫಾರ್ವರ್ಡ್ ಬರಲ್ಲ, ಯಾಕಂದ್ರೆ ಇದರಲ್ಲಿ ಯಾರಿಗೂ ಕಮಿಷನ್ ಇಲ್ಲ.

ಆಯ್ತು, ಆಯ್ತು, ಅಧ್ಯಕ್ಷರು ಎದ್ದೇ ನಿಂತ್ರು. ಉಸಿರಾಟದ ಪರೀಕ್ಷೆ ಬಗ್ಗೆ ಮುಂದಿನ ಮೇಡಂ ಮಾತಾಡ್ತಾರೆ, ಅವರು ಅದರಲ್ಲೇ ಕೆಲಸ ಮಾಡೋರು, ಅದನ್ನ ತಪ್ಪಿಸ್ಕೊಂಡು ಟೀಗೆ ಹೋಗ್ಬೇಡಿ. ಮನೇಲಿ ಪುಡಿ ಕ್ಯಾಪ್ಸೂಲ್ ಇಟ್ಕೊಂಡಿರೋರು ಬ್ಯಾಗಲ್ಲಿದ್ರೆ ಡಬ್ಬಿ ತಗೊಂಡು ಆ ಮೂಲೆಗೆ ಬನ್ನಿ, ಹಿಂದಿನ ಲೇಬಲ್ ಜೊತೆಗೆ ಕೂತು ಓದೋಣ, ಕನ್ನಡಕ ನನ್ನ ಹತ್ರ ಇದೆ, ಅಕ್ಷರ ಬಹಳ ಸಣ್ಣ ಇರ್ತವೆ.